ಟ್ಯೂಬಿನ ಮೇಲೆ ಟೈಮ್ ಬರೆದ್ರಾ?

ನಾನು ಒಂದು ವಿಶ್ವವಿದ್ಯಾಲಯದ ಮಧುಮೇಹ ಸಂಶೋಧನಾ ಲ್ಯಾಬಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್. ದೊಡ್ಡ ಲ್ಯಾಬ್ ಇರುವುದು ಘಟ್ಟದ ಮೇಲೆ. ನಾನಿರುವುದು ಕುಮಟಾದ ಬಾಡಿಗೆ ಮನೆಯೊಂದರಲ್ಲಿ ಮಾಡಿಕೊಂಡ ಸಣ್ಣ ಕೇಂದ್ರದಲ್ಲಿ. ಒಂದು ಸೆಂಟ್ರಿಫ್ಯೂಜ್ (ಟ್ಯೂಬನ್ನು ಗಿರ್ರನೆ ತಿರುಗಿಸಿ ರಕ್ತಕಣಗಳನ್ನೂ ಪ್ಲಾಸ್ಮಾ ಎಂಬ ತಿಳಿಯನ್ನೂ ಬೇರೆ ಮಾಡುವ ಮೆಶಿನ್), ಒಂದು ಫ್ರಿಜ್, ಮೈನಸ್ 80 ಡಿಗ್ರಿಯ ಡೀಪ್ ಫ್ರೀಜರ್, ಹೊರಗೆ ಒಂದು ಜನರೇಟರ್. ಮಳೆಗಾಲದಲ್ಲಿ ಇವುಗಳಲ್ಲಿ ಯಾವುದಕ್ಕೆ ಜಾಸ್ತಿ ಮರ್ಯಾದೆ ಅಂತ ಕೇಳಿದರೆ ಜನರೇಟರಿಗೇ.

ಲ್ಯಾಬ್ ಅಂದ ಕೂಡಲೇ ಜನ ಇಲಿ, ಇಂಜೆಕ್ಷನ್ ಅಂದುಕೊಳ್ಳುತ್ತಾರೆ. ಇಲಿಗಳನ್ನು ನೋಡಿಕೊಳ್ಳುವ ತಂಡ ಬೇರೆ ಇದೆ. ನಮ್ಮದು ಜನರ ರಕ್ತದ ಕೆಲಸ. ಬೆಳಿಗ್ಗೆ ಆರಕ್ಕೆಲ್ಲ ಯಾವುದೋ ಊರಿನ ಶಾಲೆಯ ಜಗುಲಿಯಲ್ಲಿ ಕ್ಯಾಂಪ್. ಒಪ್ಪಿಗೆ ಪತ್ರ ಓದಿ ಹೇಳುವುದು, ಸಹಿ ಅಥವಾ ಹೆಬ್ಬೆಟ್ಟು, ಬಿಪಿ, ಸೊಂಟದ ಸುತ್ತಳತೆ, ಆಮೇಲೆ ರಕ್ತ. ಮೊದಲೆಲ್ಲ ಹೊತ್ತೇರುವುದರೊಳಗೆ ವಾಪಸ್ ಬಂದು ಸೆಂಟ್ರಿಫ್ಯೂಜಿಗೆ ಹಾಕುತ್ತಿದ್ದೆವು. ಮಧ್ಯಾಹ್ನ ಎಂಟ್ರಿ.

ಪ್ರತಿ ವರ್ಷ ಬಯೋಕೆಮಿಸ್ಟ್ರಿ ಓದಿದ ಹುಡುಗ ಹುಡುಗಿಯರು ಹೊಸದಾಗಿ ಸೇರುತ್ತಾರೆ. ಎಲ್ಲರ ಕಣ್ಣು ಮೆಶಿನ್ ಮೇಲೆ. ನಾನು ಅವರಿಗೆ ಹೇಳುವುದು ಇಷ್ಟೇ. ಮೆಶಿನ್ ಆಮೇಲೆ ನೋಡೋಣ, ಮೊದಲು ಗಡಿಯಾರ ನೋಡಿ.

ಕಾರಣ ಸರಳ. ಟ್ಯೂಬಿಗೆ ಬಿದ್ದ ಮೇಲೂ ರಕ್ತಕಣಗಳು ಸುಮ್ಮನೆ ಕೂರುವುದಿಲ್ಲ. ಅಲ್ಲಿರುವ ಗ್ಲೂಕೋಸನ್ನು ತಿನ್ನುತ್ತಲೇ ಇರುತ್ತವೆ. ಸಾಮಾನ್ಯ ಕೋಣೆಯ ಬಿಸಿಗೆ ತಾಸಿಗೆ ಶೇ. 5ರಿಂದ 7ರಷ್ಟು ಸಕ್ಕರೆ ಇಳಿಯುತ್ತದೆ. ನಮ್ಮ ಕರಾವಳಿಯ ಸೆಖೆಗೆ ಇನ್ನೂ ಬೇಗ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಅದಕ್ಕಿಂತ ಮೇಲೆ ಬಂದರೆ ಮಧುಮೇಹದ ಲೆಕ್ಕ. ಈಗ ಒಬ್ಬರ ನಿಜವಾದ ಶುಗರ್ 130 ಅಂದುಕೊಳ್ಳಿ. ಟ್ಯೂಬ್ ಎರಡು ತಾಸು ಗಾಡಿಯಲ್ಲಿ ಸುಮ್ನೆ ಕೂತರೆ ಮೆಶಿನ್ 115ರ ಆಸುಪಾಸು ತೋರಿಸುತ್ತದೆ. ಮೆಶಿನ್ ತಪ್ಪು ಹೇಳಿಲ್ಲ. ಟ್ಯೂಬಿನಲ್ಲಿ ಉಳಿದದ್ದೇ ಅಷ್ಟು. ಆದರೆ ಆ ಮನುಷ್ಯ ನಮ್ಮ ಪಟ್ಟಿಯಲ್ಲಿ ಒಂದು ಕಾಲಂ ದಾಟಿ ಪಕ್ಕಕ್ಕೆ ಹೋಗಿಬಿಟ್ಟ.

ಒಬ್ಬರ ಕಥೆಯಾದರೆ ಹೋಗಲಿ ಎನ್ನಬಹುದಿತ್ತು. 2023ರಲ್ಲಿ ಪ್ರಕಟವಾದ ಐಸಿಎಂಆರ್-ಇಂಡಿಯಾಬ್ ಅಧ್ಯಯನದ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹ ಇದೆ, ಇನ್ನೂ 13.6 ಕೋಟಿ ಜನ ಅದರ ಹಿಂದಿನ ಹಂತದಲ್ಲಿದ್ದಾರೆ. ಅಷ್ಟೊಂದು ಜನ ಗೆರೆಯ ಹತ್ತಿರವೇ ನಿಂತಿರುವಾಗ ಹತ್ತು ಹದಿನೈದು ಅಂಕ ಸಣ್ಣದಲ್ಲ.

ಬೂದು ಮುಚ್ಚಳದ ಟ್ಯೂಬ್ ಇದೆಯಲ್ಲ, ಅದರಲ್ಲಿ ಫ್ಲೋರೈಡ್ ಇದೆಯಲ್ಲ ಅಂತ ಹೊಸಬರು ಕೇಳುತ್ತಾರೆ. ಓದಿದವರು ಕೇಳಲೇಬೇಕಾದ ಪ್ರಶ್ನೆ. ಫ್ಲೋರೈಡ್ ಸಕ್ಕರೆ ಕರಗುವುದನ್ನು ನಿಲ್ಲಿಸುತ್ತದೆ ನಿಜ, ಆದರೆ ತಕ್ಷಣ ಅಲ್ಲ. ಅದು ತಡೆಯುವುದು ಎನೊಲೇಸ್ ಎಂಬ ಎಂಜೈಮನ್ನು. ರಕ್ತಕಣಗಳು ಸಕ್ಕರೆಯನ್ನು ಹಂತ ಹಂತವಾಗಿ ಒಡೆಯುವ ಸರಣಿಯಲ್ಲಿ ಆ ಎಂಜೈಮ್ ಬರುವುದು ಕೊನೆಯ ಕಡೆಗೆ. ಅದಕ್ಕಿಂತ ಮೇಲಿನ ಹಂತಗಳು ಒಂದೆರಡು ತಾಸು ನಡೆಯುತ್ತಲೇ ಇರುತ್ತವೆ. ಸಿಟ್ರೇಟ್ ಸೇರಿಸಿದ ಟ್ಯೂಬ್ ಆದರೆ ಮೊದಲ ಹಂತದಲ್ಲೇ ತಡೆ ಬೀಳುತ್ತದೆ. ಅದು ಇಲ್ಲದಿದ್ದರೆ ಐಸ್ ಬೇಕು, ಬೇಗ ತಿರುಗಿಸಬೇಕು. ಅರ್ಧ ತಾಸಿನೊಳಗೆ ಪ್ಲಾಸ್ಮಾ ಬೇರೆಯಾಗಬೇಕು ಎನ್ನುವುದು ನಮ್ಮ ನಿಯಮ.

ನಿಯಮ ಗೋಡೆಯ ಮೇಲೆ ಇತ್ತು. ಆದರೂ ಒಂದು ಸಲ ಎಡವಟ್ಟಾಯಿತು. ಅದನ್ನು ಹೇಗೆ ಹಿಡಿದರು ಎನ್ನುವುದೇ ನನಗೆ ಈ ಕೆಲಸದಲ್ಲಿ ಸಿಕ್ಕಿದ ದೊಡ್ಡ ಪಾಠ.

ಅಂಕೋಲಾ ಕಡೆಯ ಒಂದು ಊರಿನ ಫಲಿತಾಂಶ ಬಂತು. ಹಲವರ ಎಚ್‌ಬಿಎ1ಸಿ, ಅಂದರೆ ಜನ ಹೇಳುವ ಮೂರು ತಿಂಗಳ ಶುಗರ್, 7ರ ಮೇಲೆ. ಅವರದ್ದೇ ಖಾಲಿ ಹೊಟ್ಟೆ ಶುಗರ್ ಮಾತ್ರ ನೂರರ ಆಚೀಚೆ. ಒಂದು ಮಧುಮೇಹ ಇದೆ ಅನ್ನುತ್ತಿತ್ತು, ಇನ್ನೊಂದು ಇಲ್ಲ ಅನ್ನುತ್ತಿತ್ತು. ಎರಡೂ ಒಟ್ಟಿಗೆ ಹೊಂದುತ್ತಿರಲಿಲ್ಲ. ಮೊದಲು ಅನುಮಾನ ಬಂದದ್ದು ಎಚ್‌ಬಿಎ1ಸಿ ಮೇಲೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದರೆ ಅದು ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಹಿಮೋಗ್ಲೋಬಿನ್ ತೆಗೆದು ನೋಡಿದರೆ ಬಹುಪಾಲು ಜನರದ್ದು ಸರಿಯಾಗಿಯೇ ಇತ್ತು. ಮೆಶಿನ್ ಕಂಟ್ರೋಲ್, ಅಂದರೆ ಅಂಕ ಮೊದಲೇ ಗೊತ್ತಿರುವ ಸ್ಯಾಂಪಲ್ಲನ್ನು ಮೆಶಿನ್ ಸರಿಯಾಗಿ ಓದಿದೆಯೇ ಅಂತ ನೋಡಿದರು. ಅದೂ ಸರಿ.

ಆಮೇಲೆ ನಮ್ಮ ಸರ್ ಫಾರ್ಮುಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತರು. ರಕ್ತ ತೆಗೆದ ಟೈಮ್, ಸೆಂಟ್ರಿಫ್ಯೂಜಿಗೆ ಹಾಕಿದ ಟೈಮ್. ಎಲ್ಲವೂ ಸೊನ್ನೆ ಇಲ್ಲವೇ ಐದರಲ್ಲಿ ಮುಗಿಯುತ್ತಿದ್ದವು. ಎಲ್ಲರಿಗೂ ನಡುವಿನ ಅಂತರ ಸರಿಯಾಗಿ ಅರ್ಧ ತಾಸು. ಒಂದೇ ಪೆನ್ನು, ಒಂದೇ ಓರೆ. "ನೋಡಿ, ಇವೆಲ್ಲ ಒಂದೇ ಸಲ ತಿರುಗಿದ ಟ್ಯೂಬುಗಳು" ಅಂದರು ಸರ್. "ರಕ್ತ ಒಬ್ಬೊಬ್ಬರದ್ದು ಒಂದೊಂದು ಹೊತ್ತಿಗೆ ತೆಗೆದದ್ದು. ಎಲ್ಲರಿಗೂ ಅರ್ಧ ತಾಸು ಹೇಗೆ ಬರತ್ತೆ?"

ಗಾಡಿಯ ಲಾಗ್ ಬುಕ್ ತರಿಸಿದರು. ಡ್ರೈವರ್ ಪಾಪ ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದ. ಹೆದ್ದಾರಿಯಲ್ಲಿ ಗಾಡಿ ನಿಂತಿತ್ತು, ಕೇಂದ್ರಕ್ಕೆ ಬಂದದ್ದು ಬಹಳ ತಡವಾಗಿ. ಆ ಊರಿನ ಗ್ಲೂಕೋಸ್ ಅಂಕಿಗಳನ್ನು ಅಷ್ಟೂ ಕೈಬಿಟ್ಟರು. ಎಚ್‌ಬಿಎ1ಸಿ ಉಳಿಸಿಕೊಂಡರು. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಅದು ಒಂದೆರಡು ತಾಸಿಗೆಲ್ಲ ಕೆಡುವುದಿಲ್ಲ. ಫ್ರಿಜ್‌ನಲ್ಲಿಟ್ಟರೆ ಕೆಲವು ದಿನ ಆರಾಮಾಗಿ ಇರುತ್ತದೆ.

ಬರೆದ ಹುಡುಗ ಕಳ್ಳನಲ್ಲ. ಕ್ಯಾಂಪಿನ ಗಡಿಬಿಡಿಯಲ್ಲಿ ಬಿಟ್ಟು, ಸಂಜೆ ಕೂತು ನೆನಪಿನಿಂದ ತುಂಬಿದ್ದ. ಫಾರ್ಮಿನಲ್ಲಿ 'ಗೊತ್ತಿಲ್ಲ' ಎಂದು ಬರೆಯುವುದಕ್ಕೆ ಜಾಗವೇ ಇರಲಿಲ್ಲ. ಖಾಲಿ ಬಿಟ್ಟರೆ ಬೈಗುಳ ಖಾತ್ರಿ. ಯಾರಾದರೂ ಏನು ಮಾಡುತ್ತಾರೆ? ಸರ್ ಬೈಯಲಿಲ್ಲ, ಫಾರ್ಮ್ ಬದಲಾಯಿಸಿದರು. ಟೈಮ್ ಗೊತ್ತಿಲ್ಲದಿದ್ದರೆ ಟಿಕ್ ಹಾಕಲು ಒಂದು ಚೌಕ ಬಂತು. ಐಸ್ ಪೆಟ್ಟಿಗೆಯ ಮುಚ್ಚಳಕ್ಕೆ ಒಂದು ಅಗ್ಗದ ಡಿಜಿಟಲ್ ಗಡಿಯಾರ ಕಟ್ಟಿದೆವು. ರಕ್ತ ತೆಗೆಯುವವರು ಸೂಜಿ ಹೊರಗೆಳೆದ ಕೂಡಲೇ ಟೈಮ್ ಕೂಗುತ್ತಾರೆ, ಪಕ್ಕದಲ್ಲಿದ್ದವರು ಟ್ಯೂಬಿನ ಲೇಬಲ್ ಮೇಲೆ ಬರೆಯುತ್ತಾರೆ. 7.42 ಅಂದರೆ 7.42. ಈಗ ಫಾರ್ಮ್ ನೋಡಿದರೆ ಅಂಕಿಗಳು ಅಡ್ಡಾದಿಡ್ಡಿ. ನನಗೆ ಹಾಗಿದ್ದರೇ ಸಮಾಧಾನ.

ಐಸ್ ವಿಷಯದಲ್ಲಿ ನಮ್ಮ ಊರು ಪುಣ್ಯ ಮಾಡಿದೆ. ಮೊದಲು ದೊಡ್ಡ ಲ್ಯಾಬಿನಿಂದ ಜೆಲ್ ಪ್ಯಾಕ್ ಕಳಿಸುತ್ತಿದ್ದರು. ಬೇಸಿಗೆಯಲ್ಲಿ ಅವು ಬೇಗ ಮೆತ್ತಗಾಗುತ್ತಿದ್ದವು. ಈಗ ಮೀನಿನವರು ಒಯ್ಯುವ ಐಸ್ ಪ್ಲಾಂಟಿನಿಂದಲೇ ಪುಡಿ ಐಸ್ ತರುತ್ತೇವೆ. ಅದಕ್ಕೆ ಸ್ವಲ್ಪ ನೀರು ಹಾಕಬೇಕು. ಬರೀ ಐಸ್ ತುಂಡು ಟ್ಯೂಬಿಗೆ ಅಲ್ಲಲ್ಲಿ ಮಾತ್ರ ತಾಗುತ್ತದೆ, ಐಸ್ ನೀರಾದರೆ ಸುತ್ತಲೂ ತಬ್ಬುತ್ತದೆ. ಬೂದು ಟ್ಯೂಬ್ ಸ್ಟ್ಯಾಂಡಿನಲ್ಲಿ ನೆಟ್ಟಗೆ ನಿಂತು ಅದರಲ್ಲಿ ಮುಳುಗಬೇಕು. ನೇರಳೆ ಟ್ಯೂಬಿಗೆ ಬೇರೆ ಪೆಟ್ಟಿಗೆ. ರಕ್ತ ಐಸಿನಂತೆ ಗಟ್ಟಿಯಾದರೆ, ಇಲ್ಲವೇ ಜೋರಾಗಿ ಕುಲುಕಿದರೆ, ಕಣಗಳು ಒಡೆಯುತ್ತವೆ. ಒಡೆದ ಕಣಗಳಿಂದ ಹೊರಬರುವ ಎಂಜೈಮ್ ಇನ್ಸುಲಿನ್ನನ್ನೂ ತಿನ್ನುತ್ತದೆ. ಅದಕ್ಕೇ ಟ್ಯೂಬನ್ನು ಟಾನಿಕ್ ಬಾಟಲಿ ಅಲ್ಲಾಡಿಸಿದ ಹಾಗೆ ಅಲ್ಲಾಡಿಸಬೇಡಿ ಎನ್ನುವುದು. ಎಂಟು ಹತ್ತು ಸಲ ಮೆಲ್ಲಗೆ ತಲೆಕೆಳಗು ಮಾಡಿದರೆ ಸಾಕು.

ಇಷ್ಟು ಅವಸರ ಯಾಕೆ ಅಂತ ಮೀನು ಮಾರುವ ಹೆಂಗಸರಿಗೆ ವಿವರಿಸಲೇ ಬೇಕಾಗಲಿಲ್ಲ. ಅದರಲ್ಲೊಬ್ಬರು ಪೆಟ್ಟಿಗೆಯೊಳಗೆ ಇಣುಕಿ, "ಐಸ್ ಸಣ್ಣಕೆ ಒಡೀಬೇಕು ತಂಗಿ, ಇಷ್ಟು ದೊಡ್ಡ ಗಟ್ಟಿ ಹಾಕ್ತಾರಾ?" ಅಂತ ನಮಗೇ ಪಾಠ ಹೇಳಿದರು.

ಅವರನ್ನು ಕೂರಿಸಿಕೊಳ್ಳುವುದು ಮಾತ್ರ ಕಷ್ಟ. ಗ್ಲೂಕೋಸ್ ಕುಡಿಸಿ ಮಾಡುವ ಪರೀಕ್ಷೆಗೆ ಎರಡು ತಾಸು ಕೂರಬೇಕು. 75 ಗ್ರಾಂ ಗ್ಲೂಕೋಸ್, ಕಾಲು ಲೀಟರಿಗಿಂತ ತುಸು ಜಾಸ್ತಿ ನೀರು, ಐದು ನಿಮಿಷದೊಳಗೆ ಕುಡಿದು ಮುಗಿಸಬೇಕು. ಆಮೇಲೆ ಓಡಾಟ ಇಲ್ಲ, ಬೀಡಿ ಇಲ್ಲ, ತಿಂಡಿ ಇಲ್ಲ. "ನಾ ಇಲ್ಲಿ ಕೂತ್ರೆ ನನ್ನ ಬುಟ್ಟಿ ಯಾರು ಹೊರ್ತಾರೆ?" ಎಂಬ ಪ್ರಶ್ನೆಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಕೊನೆಗೆ ಕರಾವಳಿಯ ಕ್ಯಾಂಪುಗಳನ್ನು ಜೂನ್ 1ರಿಂದ ಜುಲೈ 31ರವರೆಗಿನ ಯಾಂತ್ರಿಕ ಮೀನುಗಾರಿಕೆ ನಿಷೇಧದ ದಿನಗಳಿಗೆ ಹಾಕಿದೆವು. ಜನ ಸಿಕ್ಕರು. ಆದರೆ ಆಗಲೇ ಕರೆಂಟ್ ಹೋಗುವುದು, ಆಗಲೇ ಗುಡ್ಡ ಜರಿಯುವುದು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದ ಮೇಲೆ ಹೆದ್ದಾರಿಯನ್ನು ನಂಬಿ ಯೋಜನೆ ಹಾಕುವ ಧೈರ್ಯ ಯಾರಿಗೂ ಇಲ್ಲ. ಈಗ ಸಣ್ಣ ಸೆಂಟ್ರಿಫ್ಯೂಜನ್ನು ಕ್ಯಾಂಪಿಗೇ ಹೊತ್ತುಕೊಂಡು ಹೋಗುತ್ತೇವೆ.

ಶಿರಸಿ ಕಡೆ ಬೇರೆ ರಗಳೆ. ಚಳಿಗಾಲದಲ್ಲಿ ಅಡಿಕೆ ಕೊಯ್ಲು, ಅದರ ಬೆನ್ನಿಗೇ ಆಲೆಮನೆ. ಮೇ ತಿಂಗಳಲ್ಲಿ ಮದುವೆ, ಉಪನಯನ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ ಬಂದರೆ ಅಷ್ಟು ದಿನ ಕ್ಯಾಂಪಿನ ಹೆಸರೇ ಎತ್ತುವ ಹಾಗಿಲ್ಲ. ಅಲ್ಲಿ ಉಪವಾಸ ಅಂದರೆ ಉಪವಾಸವೇ, ಯಾರೂ ತಿಂಡಿ ತಿಂದು ಬರುವುದಿಲ್ಲ. ಬಾಯಲ್ಲಿ ಎಲೆಯಡಿಕೆಯ ಕವಳ ಮಾತ್ರ ಇರುತ್ತದೆ. ಹಾಗಾಗಿ 'ಏನಾದ್ರೂ ತಿಂದ್ರಾ?' ಎನ್ನುವ ಪ್ರಶ್ನೆ ಬಿಟ್ಟೆವು. 'ಎದ್ದ ಮೇಲೆ ಏನೇನು ಮಾಡಿದ್ರಿ?' ಅಂತ ಕೇಳುತ್ತೇವೆ. ಹಲ್ಲುಜ್ಜಿದ್ದು, ದನಕ್ಕೆ ಹುಲ್ಲು ಹಾಕಿದ್ದು, ನೆಂಟರ ಸಂಗಡ ಅರ್ಧ ಲೋಟ ಚಾ, ಎಲ್ಲ ತಾನಾಗಿ ಬರುತ್ತದೆ. ಚಾ ಬಂತೆಂದರೆ ಅವರಿಗೆ ಬೇರೆ ದಿನ ಕೊಟ್ಟು ಕಳಿಸುತ್ತೇವೆ. ಅದಕ್ಕೆ ಬೇಜಾರಾದವರೂ ಇದ್ದಾರೆ. ದೇವಿಮನೆ ಘಟ್ಟ ಹತ್ತಿ ಹೋದ ನಮಗೂ ಬೇಜಾರೇ.

ನನ್ನದೊಂದು ತಕರಾರು ಇದೆ. ಇಂಥ ಯೋಜನೆಗಳಲ್ಲಿ ಮೆಶಿನ್‌ಗೆ ದುಡ್ಡು ಸಿಗುತ್ತದೆ, ರಕ್ತ ತೆಗೆಯುವವರ ತರಬೇತಿಗೆ ಸಿಗುವುದಿಲ್ಲ. ಕೆಲಸ ತಾತ್ಕಾಲಿಕ, ಸಂಬಳ ಅಷ್ಟಕ್ಕಷ್ಟೇ. ಕೈ ಪಳಗುವ ಹೊತ್ತಿಗೆ ಹುಡುಗರು ಬೆಂಗಳೂರು ಬಸ್ ಹತ್ತಿರುತ್ತಾರೆ. ಮತ್ತೆ ಹೊಸಬರು, ಮತ್ತೆ ಟ್ಯೂಬ್ ತಿರುಗಿಸುವುದನ್ನು ತೋರಿಸಿಕೊಡುವುದು.

ರಿಪೋರ್ಟ್ ಕೊಡುವ ಕೆಲಸಕ್ಕೂ ನಾವೇ ಹೋಗುತ್ತೇವೆ. 126 ದಾಟಿದವರಿಗೆ 'ನಿಮಗೆ ಸಕ್ಕರೆ ಕಾಯಿಲೆ' ಅಂತ ನಾವು ಹೇಳುವುದಿಲ್ಲ. ಲಕ್ಷಣ ಏನೂ ಇಲ್ಲದಿದ್ದರೆ ಇನ್ನೊಂದು ಪರೀಕ್ಷೆಯಲ್ಲೂ ಅದು ಖಚಿತವಾಗಬೇಕು, ಹೇಳಬೇಕಾದವರು ಡಾಕ್ಟರು. ತಾಲ್ಲೂಕು ಆಸ್ಪತ್ರೆಗೆ ಹೋಗಿ ತೋರಿಸಿ ಅಂತ ಚೀಟಿ ಬರೆದು, ಆಶಾ ಕಾರ್ಯಕರ್ತೆಯರಿಗೂ ತಿಳಿಸಿ ಬರುತ್ತೇವೆ. ಅಂಕೋಲಾದ ಆ ಊರಿಗೆ ಮಾತ್ರ ಎರಡನೇ ಸಲ ಹೋಗಿ ಮತ್ತೆ ರಕ್ತ ಕೇಳಬೇಕಾಯಿತು. ಗಾಡಿ ತಡವಾಗಿ ಹೀಗಾಯ್ತು ಅಂತ ಇದ್ದದ್ದು ಇದ್ದ ಹಾಗೆ ಹೇಳಿದೆವು. ಕೆಲವರು ಕೈ ಚಾಚಿದರು, ಕೆಲವರು "ಈಗ ಸಾಕು ಮಾರಾಯ್ತಿ" ಅಂದರು. ಸಾಕು ಅಂದವರ ಕಾಲಂನಲ್ಲಿ ಗ್ಲೂಕೋಸ್ ಜಾಗ ಖಾಲಿ ಇದೆ. ಅದಕ್ಕೆ ಯಾರೂ ಏನೂ ತುಂಬಿಲ್ಲ.