ಕಂಪ್ಲಿ ಸೇತುವೆ ಮುಳುಗಿದ ದಿನ

"ಇಳೀರಿ, ಎಲ್ಲಾರೂ ಇಳೀರಿ, ಮುಂದ ಹೋಗಂಗಿಲ್ಲ." ಕಂಪ್ಲಿ ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಹೀಗೆ ಕೂಗಿದಾಗಲೇ ನನಗೆ ನೆನಪಾಗಿದ್ದು, ಇದು ಆಗಸ್ಟ್ ಅಂತ. ಮಲೆನಾಡಲ್ಲಿ ಮಳೆ ಹಿಡಿದರೆ ತುಂಗಭದ್ರಾ ಡ್ಯಾಮ್ ತುಂಬುತ್ತದೆ. ಗೇಟ್ ಎತ್ತುತ್ತಾರೆ. ಕಂಪ್ಲಿ–ಗಂಗಾವತಿ ಸೇತುವೆ ಮುಳುಗುತ್ತದೆ. ಬಳ್ಳಾರಿಯಲ್ಲಿ ಹುಟ್ಟಿ ಬೆಳೆದವಳಿಗೆ ಇದು ಗೊತ್ತಿರಬೇಕಲ್ವಾ? ಬೆಳಿಗ್ಗೆ ಪೇಪರ್ ನೋಡಿರಲಿಲ್ಲ. ಬ್ಯಾಗಿನಲ್ಲಿ ಎಳ್ಳೆಣ್ಣೆ ಬಾಟಲಿ ಸೋರುತ್ತಿದೆಯಾ ಅಂತ ಮಾತ್ರ ಎರಡು ಸಲ ನೋಡಿದ್ದೆ.

ಸ್ಟ್ಯಾಂಡಿನ ಎದುರು ಒಗ್ಗರಣೆ, ಮಿರ್ಚಿ ತಿಂದು, ಉಳಿದವರ ಜೊತೆ ನಾನೂ ಹೊಳೆ ನೋಡಲು ಹೋದೆ. ಕೆಂಪು ನೀರು. ಸೇತುವೆ ಇದೆ ಅನ್ನೋದಕ್ಕೆ ನೀರು ಉಬ್ಬಿ ಧುಮುಕುವ ಒಂದು ಗೆರೆಯಷ್ಟೇ ಸಾಕ್ಷಿ. ಗಂಗಾವತಿಗೆ ಹೋಗುವವರು ಬುಕ್ಕಸಾಗರದ ಮೇಲೆ ಸುತ್ತು ಹಾಕಿ ಕಡೇಬಾಗಿಲು ಸೇತುವೆ ದಾಟಬೇಕು ಅಂದರು. ಹೆಚ್ಚಿನವರು ಗೊಣಗಿದರು. ನನಗೆ ಒಳಗೊಳಗೇ ಖುಷಿ. ನಾನು ಹೋಗಬೇಕಿದ್ದದ್ದು ಆನೆಗೊಂದಿ ಕಡೆಯ ಒಂದು ಹಳ್ಳಿಗೆ, ಕಡೇಬಾಗಿಲು ಅದರ ಬಗಲಲ್ಲೇ ಇದೆ.

ಅಲ್ಲಿ ಒಬ್ಬ ಅಜ್ಜಿ ಇದ್ದಾರೆ. ನನ್ನ ಜೊತೆ ಹೊಲಿಯುತ್ತಿದ್ದ ಗೆಳತಿಯ ಅಜ್ಜಿ. ಹಳೇ ಸೂಲಗಿತ್ತಿ. ಈಗ ಹೆರಿಗೆ ಎಲ್ಲಾ ಆಸ್ಪತ್ರೆಯಲ್ಲೇ ಆಗುವುದರಿಂದ ಕೂಸು, ಬಾಣಂತಿಯರಿಗೆ ಎಣ್ಣೆ ಹಚ್ಚಿ ಎರೆಯುವುದು, ಉಳುಕು ತೆಗೆಯುವುದು, ಹೊಟ್ಟೆನೋವಿಗೆ ಬಟ್ಟಿ ತಿಕ್ಕುವುದು, ಇಷ್ಟು ಉಳಿದಿದೆ. ಅವರ ಕೈ ಕೆಲಸ ಮೂರು ದಿನ ಕೂತು ನೋಡಬೇಕು ಅನ್ನೋದು ನನ್ನ ಆಸೆ.

ನನ್ನದೂ ಅದೇ ಕೆಲಸ. ಆದರೆ ಅದಕ್ಕೊಂದು ಹೆಸರಿಲ್ಲ. ಮಸಾಜ್ ಅಂದರೆ ಬಳ್ಳಾರಿಯಲ್ಲಿ ಬಾಡಿಗೆಗೆ ಮನೆ ಸಿಗಲ್ಲ. ಮೂವರು ಮಾಲೀಕರು ಅಡ್ವಾನ್ಸ್ ವಾಪಸ್ ಕೊಟ್ಟಿದ್ದಾರೆ. ಸರ್ಟಿಫಿಕೇಟಿನಲ್ಲಿ 'ಹೋಲಿಸ್ಟಿಕ್ ಬಾಡಿವರ್ಕ್' ಅಂತಿದೆ. ಅದನ್ನೇ ಬರಿ ಅಂದಾಗ ಬೋರ್ಡ್ ಬರೆಯುವವ ಕೇಳಿದ, "ಅಕ್ಕಾ, ಬಾಡಿವರ್ಕ್ ಅಂದ್ರ ಲಾರೀದಾ?" ಗಣಿ ಲಾರಿ ನೋಡಿ ಬೆಳೆದ ಊರು, ಅವನ ತಪ್ಪೇನಿಲ್ಲ. ಕೊನೆಗೆ 'ಮೈಕೈ ನೋವಿಗೆ ಆರೈಕೆ, ಹೆಂಗಸರಿಗೆ ಮಾತ್ರ' ಅಂತ ಬರೆಸಿದೆ.

ಅದಕ್ಕೂ ಮುಂಚೆ ಒಂಬತ್ತು ವರ್ಷ ನಾನು ಜೀನ್ಸ್ ಪ್ಯಾಂಟಿಗೆ ಜೇಬು ಹೊಲಿದಿದ್ದೇನೆ. ಬಳ್ಳಾರಿ ಜೀನ್ಸ್ ಎಲ್ಲರಿಗೂ ಗೊತ್ತು, ಅದನ್ನು ಹೊಲಿಯುವವರ ಕತ್ತು ಯಾರಿಗೂ ಗೊತ್ತಿಲ್ಲ. ಪೀಸಿನ ಲೆಕ್ಕದ ಕೂಲಿ. ತಲೆ ಎತ್ತಿದರೆ ಒಂದು ಜೇಬು ಕಮ್ಮಿ. ಎಂಟನೇ ವರ್ಷಕ್ಕೆ ಬಲಗೈ ಎತ್ತಿ ಜಡೆ ಹಾಕಿಕೊಳ್ಳಲು ಬರದಂತಾಯ್ತು. ಒಬ್ಬ ಫಿಸಿಯೋಥೆರಪಿ ಡಾಕ್ಟರಮ್ಮ ಹೇಳಿದರು: ತಲೆಯ ತೂಕ ಸುಮಾರು 5 ಕೆಜಿ, ಬಗ್ಗಿಸಿದಷ್ಟೂ ಕತ್ತಿಗೆ ಅದು ಇನ್ನೂ ಭಾರ. ಹತ್ತು ದಿನ ಕೈಯಿಂದ ಬಿಡಿಸಿದರು, ವ್ಯಾಯಾಮ ಹೇಳಿಕೊಟ್ಟರು. ಜಡೆ ಹಾಕಲು ಬಂತು. ಅವರ ಬೆರಳು ಹೇಗೆ ಸರಿಯಾಗಿ ಅಲ್ಲಿಗೇ ಹೋಯ್ತು ಅನ್ನೋದು ಮಾತ್ರ ತಲೆಯಿಂದ ಹೋಗಲಿಲ್ಲ.

ಆಮೇಲೆ ಬೆಂಗಳೂರಲ್ಲಿ ಮೂರು ತಿಂಗಳ ಕೋರ್ಸ್. ಎಫ್ಲರಾಜ್ ಅಂದರೆ ನೀವುವುದು, ಪೆಟ್ರಿಸಾಜ್ ಅಂದರೆ ಹಿಸುಕುವುದು ಅಂತ ಬಾಯಿಪಾಠ. ಹೆಸರೆಲ್ಲ ಫ್ರೆಂಚ್, ಆದರೆ ಕರೆಯೋದು ಸ್ವೀಡಿಷ್ ಮಸಾಜ್, ಆ ಹೆಸರುಗಳನ್ನು ಚಾಲ್ತಿಗೆ ತಂದವನು ಮೆಜ್ಗರ್ ಅನ್ನುವ ಡಚ್ ವೈದ್ಯ. ನಮ್ಮ ಕೌಲ್ ಬಜಾರಿನ ಹಾಗೇ, ಎಲ್ಲಾ ಭಾಷೆ ಒಂದೇ ಗಲ್ಲಿಯಲ್ಲಿ. ಕೇರಳದಲ್ಲಿ ಕೆಲವು ತಿಂಗಳು ಅಭ್ಯಂಗ ಕಲಿತೆ. ಪ್ರತಿದಿನ ಎಣ್ಣೆ ಹಚ್ಚಿಕೊಳ್ಳಿ, ತಲೆ, ಕಿವಿ, ಪಾದಕ್ಕೆ ವಿಶೇಷವಾಗಿ ಹಚ್ಚಿ ಅನ್ನುತ್ತದೆ ಆಯುರ್ವೇದ. ಅಜೀರ್ಣ ಆದವರಿಗೆ ಬೇಡ ಅಂತಲೂ ಅನ್ನುತ್ತದೆ. ಮೊದಲನೆಯದು ಎಲ್ಲರಿಗೂ ನೆನಪಿರುತ್ತದೆ.

ಬುಕ್ಕಸಾಗರದಿಂದ ಶೇರ್ ಆಟೋ ಸಿಕ್ಕಿತು. ಎಂಟು ಜನ, ಎರಡು ಕೋಳಿ. ಕಡೇಬಾಗಿಲು ಸೇತುವೆ ದಾಟುತ್ತಿದ್ದಂತೆ ಕೊಪ್ಪಳ ಜಿಲ್ಲೆ. ಬಂಡೆಗಳ ಗುಡ್ಡ, ಅದರ ಬುಡದವರೆಗೂ ಗದ್ದೆ, ನಡುವೆ ಬಾಳೆ ತೋಟ. ಭತ್ತದ ನಾಟಿ ನಡೆದಿತ್ತು. ಹತ್ತು ಹದಿನೈದು ಹೆಂಗಸರು ಸಾಲಾಗಿ ಬಗ್ಗಿ ಹಿಂದಕ್ಕೆ ಸರಿಯುತ್ತಾ ಸಸಿ ಹಚ್ಚುತ್ತಿದ್ದರು. ಫೋಟೋ ತೆಗೆಯುವವರಿಗೆ ಅದು ಹಸಿರು. ನನಗೆ ಹದಿನೈದು ಸೊಂಟ. ಇದೊಂದು ಕೆಟ್ಟ ಚಾಳಿ, ಯಾರನ್ನು ನೋಡಿದರೂ ಮೊದಲು ಭುಜ ನೋಡ್ತೀನಿ, ಆಮೇಲೆ ಮುಖ.

ಹೊಳೆ ತುಂಬಿದ್ದರಿಂದ ಆನೆಗೊಂದಿಯಲ್ಲಿ ತೆಪ್ಪ ಬಿಟ್ಟಿರಲಿಲ್ಲ. ನಡುಗಡ್ಡೆಯಲ್ಲಿರುವ ನವವೃಂದಾವನಕ್ಕೆ ಹೋಗಲು ಬಂದ ಒಂದು ಕುಟುಂಬ ದಡದಲ್ಲೇ ಕೈಮುಗಿದು ಬುತ್ತಿ ಬಿಚ್ಚಿತ್ತು. ಅಂಜನಾದ್ರಿಯ ಕೆಳಗೆ ಸ್ವಲ್ಪ ನಿಂತೆ. ಹತ್ತಲಿಲ್ಲ. 575 ಮೆಟ್ಟಿಲು ಇಳಿದು ಬಂದವರ ತೊಡೆ ನಡುಗುವುದನ್ನು ನೋಡುತ್ತಾ ಚಹಾ ಕುಡಿದೆ. ಹನುಮಪ್ಪ ಕ್ಷಮಿಸಲಿ.

ಅಲ್ಲಿಂದ ಮುಂದೆ ಸಾಣಾಪುರ, ಹಂಪಿಯ ಎದುರಿನ ವಿರುಪಾಪುರ ಗಡ್ಡೆ. ಗಡ್ಡೆ ಹೆಸರು ಕೇಳಿದರೆ ನನಗೆ ಈಗಲೂ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಅಲ್ಲಿಯ ಒಂದು ಗೆಸ್ಟ್‌ಹೌಸಿನಲ್ಲಿ ಮೂರು ವರ್ಷ ಕೆಲಸ ಮಾಡಿದ್ದೆ. ಥಾಯ್ಲೆಂಡಿನಲ್ಲಿ ಕಲಿತು ಬಂದಿದ್ದ ಒಬ್ಬ ಇಸ್ರೇಲಿ ಹೆಂಗಸು ಒಂದು ಸೀಸನ್ ಪೂರ್ತಿ ಅಲ್ಲೇ ಇದ್ದಳು. ನನ್ನಿಂದ ಅಭ್ಯಂಗ ಮಾಡಿಸಿಕೊಂಡು, ಬದಲಿಗೆ ಥಾಯ್ ವಿಧಾನ ಹೇಳಿಕೊಟ್ಟಳು. ನೆಲಕ್ಕೆ ಚಾಪೆ, ಮೈ ಮೇಲೆ ಬಟ್ಟೆ ಇದ್ದ ಹಾಗೇ, ಎಣ್ಣೆ ಇಲ್ಲ. ಅಂಗೈ, ಮೊಣಕೈ, ಪಾದದಿಂದ ಒತ್ತುವುದು, ಎಳೆಯುವುದು. 2019ರಲ್ಲಿ ಯುನೆಸ್ಕೋ ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿದಾಗ ಫೋನಿನಲ್ಲಿ ತೋರಿಸಿ ಕುಣಿದಿದ್ದಳು. ಅವಳಿಗೆ ಗೊತ್ತಿರಲಿಲ್ಲ, ಮುಂದೆ ಬಳ್ಳಾರಿಯಲ್ಲಿ ನನ್ನ ಅಂಗಡಿ ನಡೆಯೋದೇ ಅದರಿಂದ ಅಂತ. ಬಳ್ಳಾರಿಯ ಹೆಂಗಸರು ಸೀರೆ ಬಿಚ್ಚಲ್ಲ. ಬಟ್ಟೆ ಮೇಲೇ ಮಾಡ್ತೀನಿ ಅಂದ ಮೇಲೆ ಬರತೊಡಗಿದರು.

ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರ ಮಾರ್ಚ್‌ನಲ್ಲಿ ಗಡ್ಡೆಯ ರೆಸಾರ್ಟುಗಳನ್ನೆಲ್ಲಾ ಕೆಡವಿದರು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್. ನಾನು ಎರಡು ಚಾಪೆ ಸುತ್ತಿಕೊಂಡು ಬಳ್ಳಾರಿಗೆ ಬಂದೆ. ಈ ಸಲ ಅತ್ತ ಹೋಗಿ ನೋಡುವ ಮನಸ್ಸಾಗಲಿಲ್ಲ.

ಅಜ್ಜಿ ಮನೆ ಮುಟ್ಟಿದಾಗ ಮಧ್ಯಾಹ್ನ ಎರಡು. "ಬಾರವ್ವ, ಕುಂದ್ರು. ಉಂಡಿಯೇನು?" ಅಂದರು. ಮಿರ್ಚಿ ತಿಂದೆ ಅಂದೆ. ರೊಟ್ಟಿ, ಪುಂಡಿಪಲ್ಯ ಬಂತು. ಆಮೇಲೆ ಗಮನಿಸಿದೆ, ಮೈ ತಿಕ್ಕಿಸಿಕೊಳ್ಳಲು ಬಂದವರಿಗೂ ಅದೇ ಪ್ರಶ್ನೆ. ಉಂಡಿದ್ದರೆ ವಾಪಸ್. "ಹೊಟ್ಟಿ ತುಂಬಿದಾಗ ಮುಟ್ಟಿದ್ರ ಉಂಡಿದ್ದು ಮ್ಯಾಲ ಬರ್ತತಿ." ಕೇರಳದ ಮೇಷ್ಟ್ರು ಒಂದು ಗಂಟೆ ಪಾಠ ಮಾಡಿದ್ದ ವಿಷಯ. ಸೋಮವಾರ, ಅಮಾಸಿ ಯಾರನ್ನೂ ಮುಟ್ಟಲ್ಲ. ಮೂಢನಂಬಿಕೆ ಅಂತ ನಾನು ನಕ್ಕರೆ, "ಸೋಮಾರ ಎತ್ತು ಹೂಡಂಗಿಲ್ಲಲ್ಲ, ಎತ್ತಿಗಿರೋ ರಜಾ ನನ್ನ ಕೈಗೆ ಬ್ಯಾಡನು?" ಅಂದರು. ನನ್ನ ಹೆಬ್ಬೆರಳಿನ ಕೀಲು ನೋಯಲು ಶುರುವಾಗಿ ಎರಡು ವರ್ಷ ಆಯ್ತು. ನಗು ನಿಲ್ಲಿಸಿದೆ.

ಸಂಜೆ ನಾಟಿ ಮುಗಿಸಿ ಇಬ್ಬರು ಹೆಂಗಸರು ಬಂದರು. ಸೊಂಟ ನೋವು. ಗೋಣಿತಾಟಿನ ಮೇಲೆ ಬೋರಲು ಮಲಗಿಸಿ, ಅಂಗೈಯನ್ನು ಕೆಂಡಕ್ಕೆ ಹಿಡಿದು ಬಿಸಿ ಮಾಡಿಕೊಂಡು, ಔಡಲೆಣ್ಣೆ ಹಚ್ಚಿ ಅಜ್ಜಿ ಶುರು ಮಾಡಿದ್ದು ಮೀನಗಂಡದಿಂದ. ಆಮೇಲೆ ತೊಡೆಯ ಹಿಂಭಾಗ, ಕುಂಡೆ. ಸೊಂಟದ ಹತ್ತಿರ ಕೈ ಹೋಗಿದ್ದು ಅರ್ಧ ಗಂಟೆಯ ನಂತರ, ಅದೂ ಎರಡೇ ನಿಮಿಷ. ನನಗೆ ಜೀನ್ಸ್ ನೆನಪಾಯ್ತು. ಪ್ಯಾಂಟಿನ ಕೆಳಪಟ್ಟಿಯಲ್ಲಿ ಒಂದು ನೂಲು ಬಿಗಿಯಾದರೆ ಸುಕ್ಕು ಮೊಣಕಾಲ ಹತ್ತಿರ ಕಾಣುತ್ತದೆ. ಸುಕ್ಕಿಗೆ ಎಷ್ಟು ಇಸ್ತ್ರಿ ಹೊಡೆದರೂ ಅಷ್ಟೇ, ಕೆಳಗಿನ ನೂಲು ಸಡಿಲ ಮಾಡಬೇಕು. ಸ್ನಾಯುಗಳ ಮೇಲೂ ಹಾಗೇ ಒಂದು ತೆಳು ಹೊದಿಕೆ ಇದೆ, ಫ್ಯಾಸಿಯಾ ಅನ್ನುತ್ತಾರೆ, ಅಂಗಾಲಿನಿಂದ ಬೆನ್ನು ಹತ್ತಿ ತಲೆಯವರೆಗೆ ಎಳೆ ಹಿಡಿದುಕೊಂಡೇ ಹೋಗುತ್ತದೆ. ಕೋರ್ಸಿನಲ್ಲಿ ಚಿತ್ರ ನೋಡಿದ್ದೆ. ಆದರೂ ಬಳ್ಳಾರಿಯಲ್ಲಿ ನಾನು ಸೊಂಟ ಅಂದವರಿಗೆ ಸೊಂಟವನ್ನೇ ಒತ್ತುತ್ತಿದ್ದೆ, ದುಡ್ಡು ಕೊಟ್ಟವರಿಗೆ ಬೇಜಾರಾಗಬಾರದು ಅಂತ.

ಅಜ್ಜಿ ಮಾಡಿದ್ದೆಲ್ಲಾ ಸರಿ ಅನ್ನಲ್ಲ. ಮರುದಿನ ಬೆಳಿಗ್ಗೆ ಕಾಲು ಚಾಚಿ ಕೂತು, ಕೂಸನ್ನು ಮೊಣಕಾಲಿಂದ ಕೆಳಗೆ ಕಾಲ ಮೇಲೆ ಮಲಗಿಸಿಕೊಂಡು ಎಣ್ಣೆ ಹಚ್ಚಿದ್ದು ಕಣ್ಣಿಗೆ ಹಬ್ಬ. ಆದರೆ ಕೊನೆಗೆ ಮೂಗಿಗೂ ಎರಡು ಹನಿ ಬಿಟ್ಟರು. ಅದು ಪುಪ್ಪುಸಕ್ಕೆ ಹೋದರೆ ನ್ಯುಮೋನಿಯಾ ಆಗುತ್ತದೆ ಅಂದೆ. "ನಿಮ್ಮವ್ವ ನಿನಗ ಬಿಟ್ಟಿಲ್ಲೇನು?" ಅಂದರು. ಬಿಟ್ಟಿದ್ದಳು. ವಾದ ಅಲ್ಲಿಗೇ ನಿಂತಿತು.

ಅದೇ ದಿನ ಪಕ್ಕದ ಓಣಿಯ ಬಾಣಂತಿ ಮನೆಗೆ ಹೋದೆವು. ಹೆತ್ತು ಹನ್ನೆರಡು ದಿನ. ಹೊರಸಿನ ಕೆಳಗೆ ಕೆಂಡ, ಕಿವಿಗೆ ಬಟ್ಟೆ, ಕುಡಿಯಲು ನೀರು ಅಳತೆ ಮಾಡಿ ಕೊಡುತ್ತಿದ್ದರು. ಹುಡುಗಿ ಹೊರಸು ಬಿಟ್ಟು ಇಳಿದದ್ದೇ ಕಮ್ಮಿ. "ಎಡಗಾಲು ಹಿಡಕೊಂಡೈತಿ, ಚಲೋತ್ನಾಗಿ ತಿಕ್ಕಬೇ" ಅಂದಳು ಅವಳ ತಾಯಿ. ಅಜ್ಜಿ ಎಣ್ಣೆ ಬಟ್ಟಲಿಗೆ ಕೈ ಹಾಕಿದರು. ನನಗೆ ಎರಡೂ ಕಾಲು ಒಂದೇ ಥರ ಕಾಣಲಿಲ್ಲ. ಮುಟ್ಟಿ ನೋಡಿದೆ. ಎಡಗಾಲು ಬಿಸಿ.

"ಬ್ಯಾಡಬೇ ಅಜ್ಜಿ, ಆ ಕಾಲು ಮುಟ್ಟಬ್ಯಾಡ."

ಅಷ್ಟು ಜನರ ಎದುರು ಅವರಿಗೆ ಹಾಗನ್ನಬಾರದಿತ್ತು, ಗೊತ್ತು. ಬ್ಯಾಗಿನಲ್ಲಿ ಟೈಲರ್ ಟೇಪು ಇನ್ನೂ ಇಟ್ಟುಕೊಂಡಿರುತ್ತೇನೆ. ಮೊಣಕಾಲಿನ ಚಿಪ್ಪಿನ ಕೆಳಗಿನ ಎಲುಬಿನ ಉಬ್ಬಿನಿಂದ 10 ಸೆಂಟಿಮೀಟರ್ ಕೆಳಗೆ ಎರಡೂ ಮೀನಗಂಡ ಅಳೆದೆ. ಎಡಗಡೆ 4 ಸೆಂಟಿಮೀಟರ್ ಜಾಸ್ತಿ. 3 ದಾಟಿದರೆ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು ಅಂತ ಡಾಕ್ಟರುಗಳು ಅನುಮಾನ ಪಡುತ್ತಾರೆ. ಹೆರಿಗೆಯಾದ ಮೊದಲ ಆರು ವಾರ ಅದರ ಭಯ ಜಾಸ್ತಿ, ಅದೂ ಎಡಗಾಲಿಗೇ ಜಾಸ್ತಿ. ಮಲಗೇ ಇರುವುದು, ನೀರು ಕಮ್ಮಿ ಕುಡಿಯುವುದು, ಎರಡೂ ಅದಕ್ಕೆ ಸೇರಿಕೊಳ್ಳುತ್ತವೆ. ತಿಕ್ಕಿದರೆ ಹೆಪ್ಪು ಕಿತ್ತುಕೊಂಡು ಪುಪ್ಪುಸಕ್ಕೆ ಹೋಗಬಹುದು. ಇದನ್ನೆಲ್ಲಾ ಅಲ್ಲಿ ಹೇಳಲಿಲ್ಲ. ಈಗಲೇ ಆಸ್ಪತ್ರೆ ಅಂದೆ, ಅಷ್ಟೇ.

ಅಜ್ಜಿ ಬಟ್ಟಲು ಎತ್ತಿಕೊಂಡು ಮಾತಾಡದೆ ಹೊರಟುಹೋದರು.

ಆಟೋದಲ್ಲಿ ಗಂಗಾವತಿಗೆ ನಾವು ನಾಲ್ಕು ಜನ, ಕೂಸು ಸೇರಿ ಐದು. ದಾರಿಯುದ್ದಕ್ಕೂ ನನಗೆ ಒಂದೇ ಭಯ, ಸುಮ್ನೆ ಬಾವು ಆಗಿದ್ದರೆ? ಮುಂದೆ ಆ ಊರಲ್ಲಿ ಮುಖ ತೋರಿಸೋದು ಹೇಗೆ? ಸ್ಕ್ಯಾನಿಂಗ್‌ನಲ್ಲಿ ಹೆಪ್ಪು ಕಾಣಿಸಿತು. ಸೇರಿಸಿಕೊಂಡು ಇಂಜೆಕ್ಷನ್ ಶುರು ಮಾಡಿದರು. ನನಗೆ ಸಮಾಧಾನ ಆಯ್ತು. ಆ ಸಮಾಧಾನಕ್ಕೆ ನಾಚಿಕೆಯೂ ಆಯ್ತು.

ನಾನು ತಿರುಗಿ ಬಂದಾಗ ಕತ್ತಲು. ಅಜ್ಜಿ ರೊಟ್ಟಿ ಹಾಕಿದರು, ಮಾತಿಲ್ಲ. ಪಾತ್ರೆ ತೊಳೆದಿಟ್ಟು ಬಂದು ಎದುರಿಗೆ ಕೂತರು.

"ಹೆಂಗ್ ಗೊತ್ತಾತು? ತೋರ್ಸು."

ನನ್ನ ಕಾಲನ್ನೇ ಚಾಚಿ ತೋರಿಸಿದೆ. ಬಿಸಿ ಹೇಗೆ ನೋಡೋದು, ಎಲ್ಲಿ ಅಳೆಯೋದು. ಟೇಪು ಇಲ್ಲೇ ಇಟ್ಟುಕೊ ಅಂದೆ. ಅವರು ಅದನ್ನು ದೀಪಕ್ಕೆ ಹಿಡಿದು ನೋಡಿ ವಾಪಸ್ ಕೊಟ್ಟರು. "ಅಂಕಿ ಓದಾಕ ಬರಂಗಿಲ್ಲ ನನಗ."

ನನಗೆ ಹೊಳೆದಿರಲಿಲ್ಲ. ಅವರಿಗೆ ಹೊಳೆದಿತ್ತು. ಗೂಡಿನಿಂದ ದಾರದ ಉಂಡೆ ತಂದು ನನ್ನ ಒಂದು ಮೀನಗಂಡಕ್ಕೆ ಸುತ್ತಿ, ತುದಿ ಸೇರಿದಲ್ಲಿ ಉಗುರಿನಿಂದ ಹಿಡಿದು, ಅದನ್ನೇ ಇನ್ನೊಂದು ಕಾಲಿಗೆ ತಂದರು. "ಸೇರಲಿಲ್ಲಂದ್ರ ಎಷ್ಟು ಬೆರಳು ಬಿಟ್ರ ದವಾಖಾನಿಗೆ?"

"ಎರಡು."

"ಎರಡು," ಅಂದು, ಅಷ್ಟು ಉದ್ದದ ದಾರ ಕಡಿದು ಎಣ್ಣೆ ಬಟ್ಟಲಿನ ಕೊರಳಿಗೆ ಕಟ್ಟಿದರು. ಆಮೇಲೆ ಸೀರೆ ಮೊಣಕಾಲಿಗೆ ಎತ್ತಿಕೊಂಡು, ಇನ್ನೊಂದು ದಾರ ತಗೊಂಡು ತಮ್ಮ ಕಾಲನ್ನು ಅಳೆಯುತ್ತಾ ಕೂತರು.