ಗೊಂಬಿ ಮುಂದಿಟ್ಕೊಂಡು ಇಡೀ ದಿನ ಏನ್ ಮಾತಾಡ್ತೀರಿ?

ಮದುವೆ ಮನೆಯಲ್ಲಿ ಕೇಳುತ್ತಾರೆ. ನನ್ನ ಮೆಡಿಕಲ್ ಶಾಪಿಗೆ ಮಾತ್ರೆ ಒಯ್ಯಲು ಬಂದವರು ಕೇಳುತ್ತಾರೆ. ಪಕ್ಕದ ಮನೆಯ ಕಾಕಾ ಅಂತೂ ತಿಂಗಳಿಗೊಮ್ಮೆ ತಪ್ಪದೇ ಕೇಳುತ್ತಾರೆ: "ಅಲ್ಲೋ ತಮ್ಮಾ, ಅಷ್ಟು ಮಂದಿ ದೊಡ್ಡವ್ರು ಕೂಡಿ, ಗೊಂಬಿ ಮುಂದಿಟ್ಕೊಂಡು ಮುಂಜಾನಿಂದ ಸಂಜಿತನಕ ಏನ್ ಮಾತಾಡ್ತೀರಿ?"

ಕಾಕಾ ಪ್ರೀತಿಯಿಂದಲೇ ಕೇಳುತ್ತಾರೆ. ಆದರೆ ಗೇಟಿನ ಹತ್ತಿರ ನಿಂತು ಎರಡು ಮಾತಲ್ಲಿ ಹೇಳಿ ಮುಗಿಸುವ ಉತ್ತರ ಇದಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಗೊಂಬೆ ಕೂಡಿಸುವ ಎಂಟು ಹತ್ತು ಜನ. ತಿಂಗಳ ಎರಡನೇ ಭಾನುವಾರ ಕೊಪ್ಪಳದಲ್ಲಿ ನಮ್ಮ ಮನೆಯ ಮಾಳಿಗೆ ಮೇಲಿನ ಕೋಣೆಯಲ್ಲಿ ಸೇರುತ್ತೇವೆ. ಬಳ್ಳಾರಿ ಅಣ್ಣ ರೈಲಿಗೆ ಬರುತ್ತಾರೆ. ರಾಯಚೂರಿನ ಗೆಳೆಯ ನಸುಕಿನಲ್ಲೇ ಎದ್ದು, ಸಿಂಧನೂರು, ಗಂಗಾವತಿ ದಾಟಿ ಬಸ್ಸಿನಲ್ಲಿ ಬರುತ್ತಾನೆ, ತೊಡೆಯ ಮೇಲೆ ಸ್ಟೀಲ್ ಡಬ್ಬಿ ಇಟ್ಟುಕೊಂಡು. ಆ ಡಬ್ಬಿಯಲ್ಲಿ ರೊಟ್ಟಿ ಇರುವುದಿಲ್ಲ. ಹತ್ತಿಯಲ್ಲಿ ಸುತ್ತಿದ ಗೊಂಬೆಗಳು ಇರುತ್ತವೆ. ಗಂಗಾವತಿಯಿಂದ ಒಬ್ಬ ಟೀಚರ್ ಬರುತ್ತಾರೆ. ಪ್ಲಾಸ್ಟಿಕ್ ಮೋಲ್ಡಿಂಗ್ ಮಷಿನ್ ಮೇಲೆ ಕೆಲಸ ಮಾಡುವ ಒಬ್ಬ ಹುಡುಗ ಇದ್ದಾನೆ, ನಮ್ಮಲ್ಲಿ ಎಲ್ಲರಿಗಿಂತ ಸಣ್ಣವನು. ಒಗ್ಗರಣೆ ಮಿರ್ಚಿ ತರಿಸುತ್ತೇವೆ, ಆದರೆ ಅದು ಹೊರಗಿನ ಕೋಣೆಯಲ್ಲೇ. ಎಣ್ಣೆ ಕೈಯಲ್ಲಿ ಯಾರೂ ಗೊಂಬೆ ಮುಟ್ಟುವ ಹಾಗಿಲ್ಲ.

ನಾವು ಕೂಡಿಸುವುದು ಆಕ್ಷನ್ ಫಿಗರ್, ಅಂದರೆ ಕೈಕಾಲು ತಿರುಗುವ, ಬಗ್ಗುವ ಸಣ್ಣ ಆಳುಗಳು. ಈ ಹೆಸರಿಗೂ ಒಂದು ಕಥೆ ಇದೆ. 1964ರಲ್ಲಿ ಅಮೆರಿಕದ ಹ್ಯಾಸ್‌ಬ್ರೋ ಕಂಪನಿ ಜಿ.ಐ. ಜೋ ಎಂಬ ಸೈನಿಕನನ್ನು ತಂದಿತು, ಹೆಚ್ಚುಕಮ್ಮಿ ಒಂದು ಅಡಿ ಎತ್ತರ. ಗೊಂಬೆ ಅಂದರೆ ಗಂಡುಹುಡುಗರು ಮುಟ್ಟುವುದಿಲ್ಲ ಎಂದು ಅದಕ್ಕೆ ಆಕ್ಷನ್ ಫಿಗರ್ ಅಂತ ಹೆಸರಿಟ್ಟರು. ನಮಗೆ ಆ ಸಂಕೋಚ ಬೇಕಿಲ್ಲ ಅಂತ ನನಗೆ ಅನ್ನಿಸುತ್ತದೆ. ನಮ್ಮ ಕಡೆ ಮಣ್ಣೆತ್ತಿನ ಅಮಾವಾಸ್ಯೆಗೆ ಗಡ್ಡ ಬೆಳ್ಳಗಾದವರೂ ಕೂತು ಮಣ್ಣಿನ ಎತ್ತು ಮಾಡುತ್ತಾರೆ. ಗೌರಿ ಹುಣ್ಣಿಮೆಗೆ ಸಕ್ಕರೆ ಗೊಂಬೆ ಇಲ್ಲದೆ ನಡೆಯುವುದಿಲ್ಲ. ಇದೇ ಕೊಪ್ಪಳ ತಾಲ್ಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಜೀವನಪೂರ್ತಿ ತೊಗಲುಗೊಂಬೆ ಆಡಿಸಿದವರು, 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಗೊಂಬೆ ದೊಡ್ಡವರ ವಸ್ತುವೂ ಹೌದು. ಹಾಗಾಗಿ ನಾನು ಗೊಂಬೆ ಅಂತಲೇ ಹೇಳುತ್ತೇನೆ.

ಈಗ ಕಾಕಾನ ಪ್ರಶ್ನೆಗೆ ಬರ್ತೀನಿ. ಏನು ಮಾತಾಡ್ತೀವಿ?

ನಿಜ ಹೇಳಬೇಕೆಂದರೆ ಮಾತಿಗಿಂತ ಮುಟ್ಟಿ ನೋಡುವುದೇ ಜಾಸ್ತಿ. ಒಬ್ಬರ ಗೊಂಬೆ ಇನ್ನೊಬ್ಬರ ಕೈಗೆ ಹೋಗುತ್ತದೆ, ಅಲ್ಲಿಂದ ಮತ್ತೊಬ್ಬರ ಕೈಗೆ. ತೂಕ ನೋಡುತ್ತಾರೆ, ಉಗುರಿನಿಂದ ಅಂಚು ಸವರುತ್ತಾರೆ, ಮೂಗಿನ ಹತ್ತಿರ ಹಿಡಿಯುತ್ತಾರೆ. ಇದು ಫೋಟೋದಲ್ಲಿ ಆಗುವ ಕೆಲಸ ಅಲ್ಲ. ಅದು ನನಗೆ ದುಡ್ಡು ಕಳೆದುಕೊಂಡ ಮೇಲೆ ಗೊತ್ತಾಯಿತು.

ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ಒಬ್ಬರ ಹತ್ತಿರ ಹಳೆಯ ಫಿಗರ್ ಒಂದನ್ನು 2,400 ರೂಪಾಯಿ ಕೊಟ್ಟು ತರಿಸಿದೆ. ಫೋಟೋ ಎಂಟು ಕಳಿಸಿದ್ದರು, ಎಲ್ಲವೂ ಚೆನ್ನಾಗಿದ್ದವು. ಬಂದ ಮೇಲೂ ನನಗೆ ಏನೂ ಅನುಮಾನ ಬರಲಿಲ್ಲ. ಮುಂದಿನ ಭಾನುವಾರ ಬಳ್ಳಾರಿ ಅಣ್ಣನ ಕೈಗೆ ಕೊಟ್ಟೆ. ಅವರು ಏನೂ ಹೇಳಲಿಲ್ಲ. ತಮ್ಮ ಚೀಲದಿಂದ ಅದೇ ಫಿಗರ್ ತೆಗೆದು ನನ್ನದರ ಪಕ್ಕ ನಿಲ್ಲಿಸಿದರು. ನನ್ನದು ಒಂದು ಅಕ್ಕಿಕಾಳು ದಪ್ಪದಷ್ಟು ಗಿಡ್ಡ ಇತ್ತು.

ಯಾಕೆ ಗಿಡ್ಡ ಅಂತ ಹೇಳಿದವನು ಮೋಲ್ಡಿಂಗ್ ಹುಡುಗ. ಅಸಲಿ ಗೊಂಬೆಗೆ ಉಕ್ಕಿನ ಅಚ್ಚು ಇರುತ್ತದೆ. ಎರಡು ಹೋಳು ಮುಚ್ಚಿಕೊಳ್ಳುತ್ತವೆ, ಒಳಗೆ ಕರಗಿದ ಪ್ಲಾಸ್ಟಿಕ್ಕನ್ನು ಒತ್ತಡದಿಂದ ತುಂಬುತ್ತಾರೆ. ಪ್ಲಾಸ್ಟಿಕ್ ತಣ್ಣಗಾದಾಗ ಸ್ವಲ್ಪ ಕುಗ್ಗುತ್ತದೆ. ಅಚ್ಚು ಮಾಡುವವರು ಆ ಕುಗ್ಗುವಿಕೆಯ ಲೆಕ್ಕ ಹಿಡಿದೇ ಅಚ್ಚು ಕೊರೆದಿರುತ್ತಾರೆ. ನಕಲಿ ಮಾಡುವವನ ಹತ್ತಿರ ಆ ಅಚ್ಚು ಇರುವುದಿಲ್ಲ, ಅವನು ಅಂಗಡಿಯಲ್ಲಿ ಸಿಕ್ಕ ಗೊಂಬೆಯಿಂದಲೇ ಅಚ್ಚು ತೆಗೆಯುತ್ತಾನೆ, ಅಂದರೆ ಒಮ್ಮೆ ಕುಗ್ಗಿದ್ದು ಅವನ ಕೈಯಲ್ಲಿ ಇನ್ನೊಮ್ಮೆ ಕುಗ್ಗುತ್ತದೆ. ಜೊತೆಗೆ ಬೆರಳಿನ ಗೆರೆ, ಬೆಲ್ಟಿನ ಬಕಲ್, ಕಣ್ಣಿನ ರೆಪ್ಪೆ ಎಲ್ಲವೂ ಸವೆದ ನಾಣ್ಯದ ಹಾಗೆ ಮಬ್ಬಾಗುತ್ತವೆ. ಇದನ್ನು ಹಿಡಿಯಲು ಅಸಲಿ ಒಂದು ಪಕ್ಕದಲ್ಲೇ ಇರಬೇಕು. ನನ್ನ ಹತ್ತಿರ ಅಸಲಿ ಇದ್ದಿದ್ದರೆ ನಾನು ಅದನ್ನು ಕೊಳ್ಳುತ್ತಲೇ ಇರಲಿಲ್ಲ, ಅಲ್ವಾ? ಅದಕ್ಕೇ ನಾವು ಸೇರಬೇಕು. ಒಬ್ಬನ ಕಪಾಟು ಇನ್ನೊಬ್ಬನಿಗೆ ಅಳತೆಕೋಲು.

ಇಸವಿ ನೋಡುವುದೂ ಹೀಗೇ ಕಲಿತದ್ದು. ಹೊಸಬರು ಗೊಂಬೆಯ ಬೆನ್ನ ಮೇಲೆ 1981 ಎಂದು ಕಂಡ ಕೂಡಲೇ ಅದು 1981ರಲ್ಲೇ ತಯಾರಾದದ್ದು ಅಂದುಕೊಂಡು ಖುಷಿಪಡುತ್ತಾರೆ. ಅದು ಕಾಪಿರೈಟ್ ಇಸವಿ, ಅಂದರೆ ವಿನ್ಯಾಸದ ಹಕ್ಕಿನ ವರ್ಷ, ತಯಾರಾದ ವರ್ಷ ಅಲ್ಲ. ಹೀ-ಮ್ಯಾನ್ ಎಂಬ ಅಮೆರಿಕದ ಗೊಂಬೆ ಅಂಗಡಿಗೆ ಬಂದದ್ದೇ 1982ರಲ್ಲಿ, ಬೆನ್ನ ಮೇಲೆ 1981 ಇರುತ್ತದೆ, ಅದಾದ ಮೇಲೆ ಎಷ್ಟೋ ವರ್ಷ ತಯಾರಾದವುಗಳ ಮೇಲೂ ಅದೇ ಇಸವಿ. ಮಾರುವವರು ಇದನ್ನು ಹೇಳುವುದಿಲ್ಲ.

ನಮ್ಮಲ್ಲಿ ಹೆಚ್ಚಿನವರಿಗೆ ಹುಚ್ಚು ಹಿಡಿದದ್ದು ಫನ್‌ಸ್ಕೂಲ್‌ನಿಂದ. ಟೈರ್ ಮಾಡುವ ಎಂಆರ್‌ಎಫ್‌ನವರು ಹ್ಯಾಸ್‌ಬ್ರೋ ಜೊತೆ ಸೇರಿ 1987ರಲ್ಲಿ ಶುರು ಮಾಡಿದ ಕಂಪನಿ ಅದು, ಫ್ಯಾಕ್ಟರಿ ಗೋವಾದಲ್ಲಿ. ಅಮೆರಿಕದಲ್ಲಿ ಓಡಿದ ಅಚ್ಚುಗಳು ಇಲ್ಲಿಗೆ ಬಂದವು. ಗೊಂಬೆ ಅದೇ, ಬಣ್ಣ ಬೇರೆ. ಅಲ್ಲಿ ಹಸಿರು ಅಂಗಿ ಹಾಕಿದವನು ಇಲ್ಲಿ ಹಳದಿ ಅಂಗಿ ಹಾಕಿಕೊಂಡು ಬರುತ್ತಿದ್ದ. ಚಿಕ್ಕವರಿದ್ದಾಗ ನಮಗೆ ಅದೇನೂ ವಿಶೇಷ ಅನ್ನಿಸಿರಲಿಲ್ಲ. ಈಗ ಆ ವಿಚಿತ್ರ ಬಣ್ಣಗಳಿಗಾಗಿಯೇ ಹೊರದೇಶದ ಸಂಗ್ರಾಹಕರು ಭಾರತದ ಗೊಂಬೆ ಹುಡುಕುತ್ತಾರೆ. ನನ್ನ ಮೊದಲನೆಯದು ಗವಿಮಠದ ಜಾತ್ರೆಗೆ ಬಂದ ಮಾಮ ಕೊಡಿಸಿದ್ದು. ಬಲಗೈ ಹೆಬ್ಬೆರಳು ಮುರಿದಿದೆ. ಅದನ್ನು ಯಾರಿಗೂ ಕೊಡುವುದಿಲ್ಲ.

ಇನ್ನು ರಿಪೇರಿ. ಅರ್ಧ ದಿನ ಇದಕ್ಕೇ ಹೋಗುತ್ತದೆ, ನನಗೆ ಎಲ್ಲಕ್ಕಿಂತ ಇಷ್ಟದ್ದೂ ಇದೇ.

1982ರಿಂದ ಬಂದ ಸಣ್ಣ ಜಿ.ಐ. ಜೋಗಳು ಪೌಣೆ ನಾಲ್ಕು ಇಂಚಿನವು. ಸ್ಟಾರ್ ವಾರ್ಸ್ ಸಿನಿಮಾದ ಗೊಂಬೆಗಳು 1978ರಲ್ಲಿ ಇದೇ ಅಳತೆಯಲ್ಲಿ ಬಂದು ಗೆದ್ದಿದ್ದವು, ಯಾಕೆಂದರೆ ಗೊಂಬೆ ಸಣ್ಣದಾದರೆ ಅದು ಕೂರುವ ಗಾಡಿ, ವಿಮಾನವನ್ನೂ ಕೈಗೆಟಕುವ ಬೆಲೆಗೆ ಮಾಡಬಹುದು. ಈ ಸಣ್ಣ ಜೋ ಒಳಗೆ ಒಂದು ಕಪ್ಪು ರಬ್ಬರ್ ಬಳೆ ಇದೆ, ಓ-ರಿಂಗ್ ಅಂತಾರೆ. ಕಾಲುಗಳ ಮೇಲಿನ ಲೋಹದ ಕೊಕ್ಕೆಗೂ ಎದೆಯೊಳಗಿನ ಸ್ಕ್ರೂ ಕಂಬಕ್ಕೂ ನಡುವೆ ಬಿಗಿಯಾಗಿ ನಿಂತು, ಮೇಲಿನ ಅರ್ಧ ಮತ್ತು ಕೆಳಗಿನ ಅರ್ಧ ಎರಡನ್ನೂ ಹಿಡಿದಿಡುವುದು ಅದೊಂದೇ. ವರ್ಷ ಕಳೆದಂತೆ ರಬ್ಬರ್ ಸಾಯುತ್ತದೆ. ನಮ್ಮ ರಾಯಚೂರು, ಬಳ್ಳಾರಿ ಬಿಸಿಲು ಗೊತ್ತಲ್ಲ, ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟುತ್ತದೆ. ತಗಡಿನ ಮನೆಯ ಅಟ್ಟದ ಮೇಲೆ ಇಟ್ಟ ಗೊಂಬೆ ಒಂದು ದಿನ ಕೈಗೆತ್ತಿಕೊಂಡರೆ ನಡು ಕಳಚಿ ಎರಡಾಗುತ್ತದೆ. ಎಷ್ಟೋ ಮನೆಯಲ್ಲಿ ಹೀಗೆ ಬಿದ್ದದ್ದನ್ನು ಮುರಿದುಹೋಯಿತು ಅಂತ ತಿಪ್ಪೆಗೆ ಹಾಕಿದ್ದಾರೆ. ಅದು ಮುರಿದಿರಲಿಲ್ಲ. ಎರಡು ರೂಪಾಯಿಯ ರಬ್ಬರ್ ಹೋಗಿತ್ತು, ಅಷ್ಟೇ.

ಪಂಪ್‌ಸೆಟ್ ಸಾಮಾನು, ನಲ್ಲಿ ವಾಷರ್ ಮಾರುವ ಅಂಗಡಿಯಲ್ಲಿ ಓ-ರಿಂಗ್ ಸಿಗುತ್ತದೆ. ಅಳತೆಗೆ ಹಳೆಯದನ್ನು ಒಯ್ಯಬೇಕು. ತೀರ ಬಿಗಿ ಇರುವುದು ಹಾಕಿದರೆ ಕಾಲಿನ ನಡುವಿನ ಪ್ಲಾಸ್ಟಿಕ್ ಚಟ್ ಅಂತ ಮುರಿಯುತ್ತದೆ, ಸಡಿಲ ಆದರೆ ಆಳು ನಿಲ್ಲುವುದೇ ಇಲ್ಲ. ಬೆನ್ನಿನ ಸ್ಕ್ರೂ ಕೂಡ ಅಷ್ಟೇ, ಕೊನೆಯ ಅರ್ಧ ಸುತ್ತು ಬಿಡಬೇಕು, ಹಟ ಮಾಡಿದರೆ ಒಳಗಿನ ಕಂಬ ಸೀಳುತ್ತದೆ. ಈ ಅರ್ಧ ಸುತ್ತನ್ನು ಯಾರೂ ಬರೆದು ಕಲಿಸಲು ಆಗುವುದಿಲ್ಲ. ಗಂಗಾವತಿ ಟೀಚರ್ ನನ್ನ ಬೆರಳಿನ ಮೇಲೆ ತಮ್ಮ ಬೆರಳಿಟ್ಟು, "ಇಲ್ಲಿ, ಇಲ್ಲಿ ಸಾಕು ನೋಡ್ರಿ" ಎಂದಾಗ ನನಗೆ ಗೊತ್ತಾಯಿತು.

ಅಂಟಂಟಾದ ಗೊಂಬೆಗಳೂ ಬರುತ್ತವೆ. ಮೆತ್ತನೆಯ ಪಿವಿಸಿಯಲ್ಲಿ ಬೆರೆಸಿದ ಎಣ್ಣೆಯಂಥ ರಾಸಾಯನಿಕ ಸೆಖೆಗೆ ಮೇಲೆ ಬರುತ್ತದೆ, ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ಇನ್ನೂ ಜಾಸ್ತಿ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ಉಗುರುಬೆಚ್ಚಗಿನ ನೀರು, ಮೆತ್ತಗಿನ ಬ್ರಷ್, ನೆರಳಲ್ಲಿ ಒಣಗಿಸಬೇಕು, ಮುಗಿಯಿತು. ಇಯರ್ ಬಡ್ಸ್ ನನ್ನ ಅಂಗಡಿಯಿಂದ.

ಒಂದು ಭಾನುವಾರ ಮಾತ್ರ ಕೋಣೆಯಲ್ಲಿ ಕೂರದೆ ಕಿನ್ನಾಳಕ್ಕೆ ಹೋದೆವು. ಕೊಪ್ಪಳದವರಿಗೆ ಕಿನ್ನಾಳ ಹೊಸದಲ್ಲ, ಗಾಡಿ ಹತ್ತಿದರೆ ಅರ್ಧ ಗಂಟೆ. ಆದರೆ ನಾವು ಗೊಂಬೆ ಕೂಡಿಸುವವರು, ಇಷ್ಟು ವರ್ಷ ಹಾಂಗ್‌ಕಾಂಗ್, ಜಪಾನ್ ಅಂತ ಮಾತಾಡಿ ಅಲ್ಲಿಗೆ ಒಟ್ಟಾಗಿ ಹೋಗಿರಲೇ ಇಲ್ಲ. ಅಲ್ಲಿನ ಚಿತ್ರಗಾರರ ಮನೆತನಗಳು ವಿಜಯನಗರದ ಕಾಲದಿಂದ ಮರದ ಗೊಂಬೆಯ ಕೆಲಸ ಮಾಡಿಕೊಂಡು ಬಂದಿವೆ ಎನ್ನುತ್ತಾರೆ, ಹಂಪಿಯ ವಿರೂಪಾಕ್ಷ ಗುಡಿಯ ಚಿತ್ರಗಳೂ ಇವರ ಹಿರಿಯರದ್ದೇ ಅಂತ ಹೇಳಿಕೆ ಇದೆ. ಕಿನ್ನಾಳದ ಗೊಂಬೆಗೆ ಜಿಐ ಟ್ಯಾಗ್, ಅಂದರೆ ಆ ಊರಿನದ್ದೇ ಎಂಬ ಸರ್ಕಾರಿ ಗುರುತು ಕೂಡ ಇದೆ.

ಒಬ್ಬ ಹಿರಿಯರು ಗರುಡನನ್ನು ಮಾಡುತ್ತಾ ಕೂತಿದ್ದರು. ಹಗುರ ಮರದಲ್ಲಿ ಮೈ, ಕೈ, ರೆಕ್ಕೆ ಬೇರೆ ಬೇರೆ ಕೆತ್ತಿ ಆಮೇಲೆ ಕೂಡಿಸುತ್ತಾರೆ. ಕೂಡಿಸುವುದು ಹುಣಸೆಬೀಜದ ಅಂಟಿನಿಂದ. ಸೆಣಬಿನ ಗೋಣಿಚೂರು ನೆನೆಸಿ, ಒಣಗಿಸಿ, ಪುಡಿ ಮಾಡಿ ಅದೇ ಅಂಟಿನಲ್ಲಿ ಕಲಸಿ ಕಿಟ್ಟ ಮಾಡುತ್ತಾರೆ, ಅದನ್ನು ಮೈತುಂಬ ಬಳಿಯುತ್ತಾರೆ, ಮೇಲೆ ಬಟ್ಟೆಚೂರು, ಅದರ ಮೇಲೆ ಕಲ್ಲುಪುಡಿಯ ಲೇಪ. ಒಡವೆಗಳನ್ನು ಕೆತ್ತುವುದಿಲ್ಲ, ಅದೇ ಲೇಪದಿಂದ ಉಬ್ಬಿಸಿ ಬರೆಯುತ್ತಾರೆ. ನಾನು ಜೇಬಿನಿಂದ ಜೋ ತೆಗೆದು ಕೊಟ್ಟೆ. ಅವರು ಮೊಣಕೈ ಬಗ್ಗಿಸಿದರು, ನಡು ತಿರುಗಿಸಿದರು, ಬೆನ್ನಿನ ಸ್ಕ್ರೂ ನೋಡಿದರು. "ಇದರ ಒಳಗ ಏನ್ ಹಿಡಕೊಂಡೈತಿ?" ಅಂತ ಕೇಳಿದರು. ಬಿಚ್ಚಿ ತೋರಿಸಿದೆ. ಆ ರಬ್ಬರ್ ಬಳೆಯನ್ನು ಬೆರಳಿಗೆ ಸಿಕ್ಕಿಸಿ ಎಳೆದು, "ಇದು ಎಷ್ಟು ವರ್ಷ ಬಾಳ್ತದ?" ಎಂದರು. ಒಬ್ಬ ಗೊಂಬೆ ಮಾಡುವವನು ಕೇಳಬೇಕಾದ ಪ್ರಶ್ನೆಯೇ ಅದು. ಗರುಡ ಎಷ್ಟು ವರ್ಷ ಬಾಳುತ್ತದೆ ಎಂದು ನಾವು ಕೇಳಿದ್ದಕ್ಕೆ ಅವರ ಅಜ್ಜ ಮಾಡಿದ್ದನ್ನು ಒಳಗಿನಿಂದ ತಂದು ತೋರಿಸಿದರು. ನಮ್ಮ ಟೀಚರ್ ಆವತ್ತೇ ಒಂದು ಗರುಡ ಕೊಂಡರು. ಈಗ ಅವರ ಕಪಾಟಿನಲ್ಲಿ ಅವನು ಹೀ-ಮ್ಯಾನ್ ಪಕ್ಕ ನಿಂತಿದ್ದಾನೆ.

ದುಡ್ಡಿನ ಮಾತೂ ಬರುತ್ತದೆ, ಸುಳ್ಳು ಹೇಳಲ್ಲ. 2020ರಲ್ಲಿ ಹೊರಗಿನಿಂದ ಬರುವ ಆಟಿಕೆ ಮೇಲಿನ ಸುಂಕ ಶೇ. 20ರಿಂದ ಶೇ. 60ಕ್ಕೆ ಹೋಯಿತು, 2023ರಲ್ಲಿ ಶೇ. 70 ಆಯಿತು. 2021ರ ಜನವರಿಯಿಂದ ಐಎಸ್‌ಐ ಮಾರ್ಕ್ ಕಡ್ಡಾಯ. ಮಕ್ಕಳ ಸುರಕ್ಷೆಗೆ ಆ ನಿಯಮ ಬೇಕಿತ್ತು ಅಂತಲೇ ನನ್ನ ಅಭಿಪ್ರಾಯ, ಆದರೆ ನಮ್ಮಂಥವರಿಗೆ ಹೊಸ ಫಿಗರ್ ಕೈಗೆಟಕದಂತಾಯಿತು. ಹಾಗಾಗಿ ನಮ್ಮೊಳಗೇ ಅದಲುಬದಲು ಹೆಚ್ಚಾಗಿದೆ. ಅದೇ 2021ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಭಾನಾಪುರದಲ್ಲಿ 400 ಎಕರೆಯ ಆಟಿಕೆ ಕ್ಲಸ್ಟರ್‌ಗೆ ಅಡಿಗಲ್ಲು ಬಿತ್ತು. ಕೊಪ್ಪಳದ ಅಚ್ಚಿನಿಂದಲೇ ಒಂದು ಒಳ್ಳೆಯ ಆಕ್ಷನ್ ಫಿಗರ್ ಬರಬೇಕು ಅನ್ನುವುದು ನನ್ನ ದೊಡ್ಡ ಆಸೆ, ಮೋಲ್ಡಿಂಗ್ ಹುಡುಗನ ಹತ್ತಿರ ಪ್ರತಿ ತಿಂಗಳು ಇದನ್ನೇ ಹೇಳುತ್ತೇನೆ.

ಮತ್ತೆ, ಜಗಳ. ಅದೂ ಇದೆ ಕಾಕಾ, ನಿಮಗೆ ಮಾಳಿಗೆ ಮೇಲಿನಿಂದ ಕೇಳುವ ದೊಡ್ಡ ದನಿ ಅದೇ. ಪೆಟ್ಟಿಗೆ ಒಡೆಯಬೇಕೋ ಬೇಡವೋ? ಬಳ್ಳಾರಿ ಅಣ್ಣನ ಹತ್ತಿರ ತೊಂಬತ್ತರ ದಶಕದ ಒಂದು ಫನ್‌ಸ್ಕೂಲ್ ಜೋ ಇದೆ. ಕಾರ್ಡಿಗೆ ಅಂಟಿಸಿದ ಪ್ಲಾಸ್ಟಿಕ್ ಗುಳ್ಳೆಯೊಳಗೆ ಇನ್ನೂ ಹಾಗೇ ಕೂತಿದೆ, ಯಾರ ಕೈಯೂ ತಾಗಿಲ್ಲ. ಒಡೆದರೆ ಬೆಲೆ ಬೀಳುತ್ತದೆ ಅನ್ನುವುದು ಅಣ್ಣನ ವಾದ, ಮುಟ್ಟದ ಗೊಂಬೆ ಯಾಕೆ ಬೇಕು ಅನ್ನುವುದು ನನ್ನದು. ವರ್ಷಗಟ್ಟಲೆ ಇಬ್ಬರೂ ಸೋತಿಲ್ಲ. ಆದರೆ ಹೋದ ಭಾನುವಾರ ಹೊರಡುವಾಗ ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಮೊಮ್ಮಗ ಜಾತ್ರಿಗೆ ಬರ್ತಾನ, ಆವಾಗ ಅವನ ಕೈಲೇ ಒಡಸ್ತೀನಿ, ನೀನೂ ಬಾ" ಎಂದರು.

ಸ್ಕ್ರೂಡ್ರೈವರ್ ಮತ್ತು ಎರಡು ಓ-ರಿಂಗ್ ತೆಗೆದಿಟ್ಟಿದ್ದೇನೆ. ಯಾರೂ ಮುಟ್ಟದಿದ್ದರೂ ಒಳಗಿನ ರಬ್ಬರ್ ಇಷ್ಟು ಬೇಸಿಗೆ ತಡೆದಿರುವುದು ಕಷ್ಟ.