ಸ್ವಿಂಗ್ ಮತ್ತೆ 50ಕ್ಕೆ

ಸ್ಯಾಂಪ್ಲರ್‌ಗೆ, ಅಂದ್ರೆ ರೆಕಾರ್ಡ್ ಮಾಡಿಟ್ಟ ಸದ್ದುಗಳನ್ನು ಪ್ಯಾಡ್ ಬಡಿದು ನುಡಿಸುವ ಯಂತ್ರಕ್ಕೆ, ಇವತ್ತು ಹೊಸ ಓಎಸ್ ಹಾಕಿದೆ. ಹಾಕಿದ ಮೇಲೆ ಪ್ಯಾಡ್ ಒಂದು ಸಲ ಒತ್ತಿದರೆ ಎರಡು ಸಲ ಬಡಿಯೋಕೆ ಶುರುವಾಯ್ತು, ಸರಿ, ಫ್ಯಾಕ್ಟರಿ ರೀಸೆಟ್ ಕೊಟ್ಟೆ.

ಸೌಂಡ್‌ಗಳಿಗೇನೂ ಆಗಿಲ್ಲ, ಎಲ್ಲ ಕಾರ್ಡ್‌ನಲ್ಲಿ ಹಾಯಾಗಿವೆ. ಹೋಗಿದ್ದು ಸೆಟ್ಟಿಂಗ್‌ಗಳು. ಮಿಡಿ ಚಾನೆಲ್, ಕ್ಲಾಕ್, ಮೆಟ್ರೋನೋಮ್ ಸದ್ದು, ಇವೆಲ್ಲ ಟೀ ಆರೋದರೊಳಗೆ ಮುಗಿಯುವ ಕೆಲಸ ಬಿಡಿ.

ಪ್ಯಾಡ್ ಸೆನ್ಸಿಟಿವಿಟಿ ಮಾತ್ರ ಹಾಗಲ್ಲ. ನನ್ನ ಎಡಗೈ ಬೆರಳು ಸ್ವಲ್ಪ ಮೆಲ್ಲಗೆ ಬೀಳುತ್ತದೆ, ಆ ಕಡೆಯ ಪ್ಯಾಡ್‌ಗಳಿಗೆ ಯಾವಾಗಲೂ ಒಂಚೂರು ಜಾಸ್ತಿ ಬೇಕು. ಎಷ್ಟು ಅಂತ ಬಡಿದು ಬಡಿದು ನೋಡಿಯೇ ಹೇಳಬೇಕು. ಪಕ್ಕದ ರೂಮಿನವರಿಗೆ ಇಡೀ ಸಂಜೆ ಬರೀ ಟಪ್ ಟಪ್.

ಆಮೇಲೆ ಸ್ವಿಂಗ್, ಅಂದ್ರೆ ಜೋಡಿ ಹೊಡೆತಗಳಲ್ಲಿ ಎರಡನೆಯದು ಎಷ್ಟು ತಡವಾಗಿ ಬೀಳಬೇಕು ಅನ್ನೋ ಸೆಟ್ಟಿಂಗ್. ಅದು 50ಕ್ಕೆ ಬಂದು ಕೂತಿತ್ತು. ಡ್ರಮ್ ಯಂತ್ರಗಳ ವಿನ್ಯಾಸಕಾರ ರೋಜರ್ ಲಿನ್ 1988ರ ಎಂಪಿಸಿ60 ಸ್ಯಾಂಪ್ಲರ್‌ನಲ್ಲಿ ಕೊಟ್ಟ ಶೇಕಡಾ 50ರಿಂದ 75ರ ಲೆಕ್ಕವೇ ಇದರಲ್ಲೂ ಇದೆ. 50 ಅಂದ್ರೆ ಹೊಡೆತಗಳ ನಡುವೆ ಸಮ ಅಂತರ. 66ರ ಹತ್ತಿರ ಹೋದರೆ ಮೊದಲನೆಯದಕ್ಕೆ ಎರಡು ಪಾಲು, ಎರಡನೆಯದಕ್ಕೆ ಒಂದು, ಅಂದ್ರೆ ನಮ್ಮ ತಿಶ್ರದ ನಡೆಯೇ ಅಲ್ವಾ? ಈ ಎರಡರ ಮಧ್ಯೆ ಎಲ್ಲೋ ತಾಳ ಸುಮ್ನೆ ಒಂದು ಕೂದಲೆಳೆ ಹಿಂದೆ ಜಗ್ಗುವ ಜಾಗ ಇದೆ, ನನಗೆ ಅದೇ ಇಷ್ಟ. 58ಕ್ಕೆ ಇಟ್ಟಿದ್ದೇನೆ.

ನೀವೆಲ್ಲ ಎಷ್ಟಕ್ಕೆ ಇಡುತ್ತೀರಿ?